ಕಾಲಿಂಚಿನ ಆಳ

‘ತಲೆ ಆಡಿಸಿದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆಯೇ? ಬಾಯಿಂದ ಒಂದು ಮಾತೂ ಬಂದಿಲ್ಲ. ಬರೀ ತಲೆ. ಅದೂ ಅರ್ಧ.’

ಇಷ್ಟು ಬರೆದು ಅವಳು ಡೈರಿಯನ್ನು ಮುಚ್ಚಿ, ಹೊಲಿಗೆಗೆ ಬಂದ ಬಟ್ಟೆಯ ಗಂಟಿನ ಅಡಿಗೆ ತಳ್ಳಿದಳು. ಆ ಮನೆಯಲ್ಲಿ ಬಟ್ಟೆಯ ಗಂಟಿಲ್ಲದ ಮೂಲೆಯೇ ಇರಲಿಲ್ಲ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಪ್ಪನ ಎರಡು ಮಷೀನು, ಬಟ್ಟೆ ಕತ್ತರಿಸುವ ಮೇಜು, ಇಸ್ತ್ರಿ ಪೆಟ್ಟಿಗೆ. ನಡುಕೋಣೆಯಲ್ಲಿ ಅಮ್ಮ ಗುಂಡಿ ತೂರುವ ಕಾಜಾ ಹೊಲಿದು, ಗುಂಡಿ ಹಚ್ಚುವ ಚಾಪೆ. ಹಿಂದಿನ ಕೋಣೆಯಲ್ಲಿ ಅಜ್ಜಿಯ ಮಂಚ, ಮಂಚದ ಪಕ್ಕದಲ್ಲಿ ಇವಳ ಹಾಸಿಗೆ. ಅಣ್ಣ ಮಷೀನುಗಳ ನಡುವೆ ಕಾಲು ಮಡಚಿ ಮಲಗುತ್ತಿದ್ದ.

ಅಪ್ಪ ದರ್ಜಿ. ಶಾಲೆಯ ಮಕ್ಕಳ ಅಂಗಿಗಳನ್ನು ಹೊಲಿಯುವ ಕೆಲಸ. ನಲವತ್ತು ಕಿಲೋಮೀಟರ್ ದೂರದ ದೊಡ್ಡ ಅಂಗಡಿಯವರು ಕತ್ತರಿಸಿದ ಬಟ್ಟೆ ಕೊಡುತ್ತಿದ್ದರು. ಹೊಲಿದು, ಕಾಜಾ ಹಾಕಿ, ಇಸ್ತ್ರಿ ಮಾಡಿ ವಾರಕ್ಕೆ ಎರಡು ಸಲ ತಲುಪಿಸಬೇಕು. ಇಷ್ಟು ದಿನ ಗಂಟುಗಳು ಬಸ್ಸಿನ ಮೇಲೆ ಹೋಗುತ್ತಿದ್ದವು. ಹೋದ ಮಳೆಗಾಲದಲ್ಲಿ ಟಾರ್ಪಾಲು ಹರಿದು ಇನ್ನೂರು ಬಿಳಿ ಅಂಗಿಗಳಿಗೆ ಕೆಂಪು ಕೆಸರು ಹತ್ತಿತು. ಅಂಗಡಿಯವರು, “ಇನ್ನೊಂದು ಸಲ ಹೀಗಾದರೆ ಬೇರೆಯವರನ್ನ ನೋಡ್ಕೋತೀವಿ” ಎಂದರು. ಅಂದಿನಿಂದ ಅಪ್ಪನ ತಲೆಯಲ್ಲಿ ಕಾರು ಹೊಕ್ಕಿತು.

ಅದೊಂದು ನೀಲಿ ಕಾರು. ನೀಲಿ ಎನ್ನುವುದು ಕಾಗದದಲ್ಲಿತ್ತು. ಕಣ್ಣಿಗೆ ಕಾಣುತ್ತಿದ್ದುದು ಹಲವು ಸಲ ಒಗೆದ ಅಂಗಿಯ ಬಣ್ಣ. “ಡಾಕ್ಟರು ಓಡಿಸಿದ ಗಾಡಿ, ಒಂದೇ ಕೈ” ಎಂದಿದ್ದ ಮಾರಿದವನು. ಮನೆ ಮುಂದೆ ತಂದು ನಿಲ್ಲಿಸಿದಾಗ ಎರಡು ಸಲ ಕೆಮ್ಮಿ ತಾನಾಗಿ ಆಫ್ ಆಯಿತು. ಅಜ್ಜಿ ಹೊಸ್ತಿಲಲ್ಲಿ ಕೂತು ಅದನ್ನು ಮೇಲಿಂದ ಕೆಳಗೆ ನೋಡಿದಳು.

“ಡಾಕ್ಟರು ಓಡಿಸಿದ್ದು ಅಂತೀಯಲ್ಲೋ, ಇದಕ್ಕೊಂದು ಗುಳಿಗೆ ಕೊಡಬಾರದಿತ್ತಾ ಆ ಮಹಾನುಭಾವ?”

“ಸುಮ್ನಿರಮ್ಮ, ಅಪಶಕುನ ನುಡೀಬೇಡ” ಎಂದ ಅಪ್ಪ. ಆದರೆ ಅವನೂ ನಗುತ್ತಿದ್ದ. ಅಣ್ಣ ಮಾತ್ರ ಒದ್ದೆ ಬಟ್ಟೆ ಹಿಡಿದು ಗಾಜು ಒರೆಸುತ್ತಲೇ ಇದ್ದ. ಐದು ವರ್ಷ ಬೇರೆಯವರ ವ್ಯಾನು ಓಡಿಸಿದವನು. ಕೈಯಲ್ಲಿ ತನ್ನದೇ ಮನೆಯ ಗಾಡಿಯ ಕೀಲಿ ಇರುವುದು ಇದೇ ಮೊದಲು. ಹಿಂದಿನ ಸೀಟು ಬಿಚ್ಚಿ, ಗಂಟು ಇಡಲು ಹಲಗೆ ಹಾಕಿ, ಬಲಗಡೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಬಿಟ್ಟದ್ದೂ ಅವನೇ.

ತೊಂದರೆ ಇದ್ದುದು ಟೈರುಗಳಲ್ಲಿ. ಪಂಕ್ಚರಿನವನು ಬಂದು ಕೈಯಾಡಿಸಿ, “ನಾಲ್ಕೂ ಬೋಳು. ಇದರಲ್ಲಿ ಲೋಡು ಹಾಕ್ಕೊಂಡು ಹೈವೇಗೆ ಹೋದರೆ ವಾಪಸ್ ಬರಲ್ಲ ನೀವು” ಎಂದ. ಅಪ್ಪ ಒಂದು ಗಳಿಗೆ ಕುಗ್ಗಿದ. ಆಮೇಲೆ ಮುಖ ಅರಳಿತು.

“ಅದಕ್ಕೇನಂತೆ? ನನ್ನ ಮಗಳ ಅಂಗಡಿ ಇದೆಯಲ್ಲ!”

ಅವಳು ಬಾಗಿಲ ಹಿಂದೆ ನಿಂತಿದ್ದಳು. ಆ ಮಾತು ಕೇಳಿ ಅವಳ ಕಿವಿ ಬಿಸಿಯಾಯಿತು. ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತವಳು ಅವಳು. ಕೆಲಸಕ್ಕೆಂದು ಹೋದಲ್ಲೆಲ್ಲ ಪ್ರಶ್ನೆ ಕೇಳಿದರೆ ಗಂಟಲು ಕಟ್ಟುತ್ತಿತ್ತು; ಗೊತ್ತಿದ್ದ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ. ಗುಮ್ಮನಗುಸುಕಿ ಎಂದು ಬೈದು ಬೈದು ಅಜ್ಜಿ ಅವಳ ಹೆಸರನ್ನೇ ‘ಗುಮ್ಮಿ’ ಮಾಡಿದ್ದಳು. ಕಡೆಗೆ ನಾಲ್ಕು ತಿಂಗಳ ಹಿಂದೆ ಟೈರಿನ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ ಸಿಕ್ಕಿತು. ಬರೆಯುವುದಷ್ಟೇ, ಮಾತಾಡಬೇಕಾಗಿಲ್ಲ. ಅವಳಿಗೆ ಹೇಳಿ ಮಾಡಿಸಿದ ಕೆಲಸ. ಇಷ್ಟು ವರ್ಷಗಳಲ್ಲಿ ತನ್ನಿಂದ ಈ ಮನೆಗೆ ಒಂದು ಉಪಯೋಗ ಇದೆಯೆಂದು ಅಪ್ಪ ಹೇಳಿದ್ದು ಅದೇ ಮೊದಲು.

ಅಂಗಡಿಯ ಹಿಂದೊಂದು ತಗಡಿನ ಶೆಡ್ಡು. ಅಲ್ಲಿ ಕೆಲಸ ಮಾಡುತ್ತಿದ್ದ ಹಿರಿಯನಿಗೆ ಎಲ್ಲರೂ ‘ಬ್ಲೇಡು’ ಎನ್ನುತ್ತಿದ್ದರು. ಸವೆದು ಬೋಳಾದ ಟೈರನ್ನು ಅವನು ತೊಡೆಗಳ ನಡುವೆ ಹಿಡಿದು, ಕರೆಂಟಿನಿಂದ ಕೆಂಪಗೆ ಕಾದ ಸಣ್ಣ ಬ್ಲೇಡಿನಿಂದ ಹಳೆಯ ಗೀರುಗಳ ಜಾಡಿನಲ್ಲೇ ಹೊಸ ಗೀರು ಕೊರೆಯುತ್ತಿದ್ದ. ಕಪ್ಪು ರಬ್ಬರು ಸುರುಳಿ ಸುರುಳಿಯಾಗಿ ಸಿಪ್ಪೆಯಂತೆ ಕಾಲಬುಡದಲ್ಲಿ ಬೀಳುತ್ತಿತ್ತು. ಆಮೇಲೆ ಟೈರು ಹುಟ್ಟಿದ ವಾರ, ವರ್ಷ ಹೇಳುವ ನಾಲ್ಕು ಅಂಕಿಯನ್ನು ಉಜ್ಜಿ ಅಳಿಸಿ, ಮೇಲೆ ಕಪ್ಪು ಪಾಲಿಶು. ನೋಡಿದವರು ಹೊಸದು ಎನ್ನಬೇಕು. ನಿಜಕ್ಕೂ ಚೆನ್ನಾಗಿದ್ದ ಹಳೆ ಟೈರು ಬಲಗೋಡೆಗೆ, ಕೊರೆದದ್ದು ಎಡಗೋಡೆಗೆ. ಇದು ಅಂಗಡಿಯ ಯಜಮಾನರಿಗೆ, ಬ್ಲೇಡಿಗೆ, ಮತ್ತು ಸರಕಿನ ಪುಸ್ತಕ ಬರೆಯುವ ಅವಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲದ ಸಂಗತಿ.

ಅಪ್ಪ ಬಂದ ದಿನ ಯಜಮಾನರು ಎದ್ದು ನಿಂತು ಬರಮಾಡಿಕೊಂಡರು. ಮೆತ್ತನೆ ಮಾತಿನ ಮನುಷ್ಯ. “ಮಗಳು ನಮ್ಮನೆಯವಳೇ ಆಗಿದ್ದಾಳೆ, ನೀವೂ ನಮ್ಮವರೇ” ಎಂದರು. ಅಪ್ಪ ತನ್ನಲ್ಲಿ ಇದ್ದ ದುಡ್ಡೆಷ್ಟೆಂದು ಹೇಳಿದ. ಯಜಮಾನರು ಸ್ವಲ್ಪ ಯೋಚಿಸಿ ಬ್ಲೇಡಿನ ಕಡೆ ತಿರುಗಿ ಗಲ್ಲ ಎತ್ತಿದರು. ಬ್ಲೇಡು ಹೋಗಿ ನಾಲ್ಕು ಟೈರು ಉರುಳಿಸಿಕೊಂಡು ಬಂದ.

ಎಡಗೋಡೆಯಿಂದ.

“ಹೊಸ ಗಾಡಿಯಿಂದ ಬಿಚ್ಚಿದ್ದು. ಶ್ರೀಮಂತರು ನೋಡಿ, ಶೋಕಿಗೆ ಬೇರೆ ಹಾಕಿಸ್ಕೊಂಡು ಇದನ್ನ ಬಿಟ್ಟು ಹೋದರು” ಎಂದರು ಯಜಮಾನರು.

ಅಪ್ಪ ಬಾಯಿಮಾತಿಗೆ ಸೋಲುವವನಲ್ಲ. ಅಂಗಿಯ ಕಾಲರಿಗೆ ಸದಾ ಸಿಕ್ಕಿಸಿರುತ್ತಿದ್ದ ಸೂಜಿ ತೆಗೆದ. ಮೊಣಕಾಲೂರಿ ಕೂತು ಸೂಜಿಯನ್ನು ಟೈರಿನ ಗೀರಿಗೆ ಇಳಿಸಿ, ತಳ ಮುಟ್ಟಿದಲ್ಲಿ ಉಗುರಿನಿಂದ ಗುರುತು ಹಿಡಿದು, ಕೊರಳಲ್ಲಿ ನೇತಾಡುತ್ತಿದ್ದ ಟೇಪಿಗೆ ಇಟ್ಟು ನೋಡಿದ.

“ಕಾಲಿಂಚು!”

ಪಂಕ್ಚರಿನವನು ಹೇಳಿದ್ದನಂತೆ, ಕಾಲಿಂಚು ಆಳ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಿ ಎಂದು. ಅಪ್ಪ ಕಣ್ಣು ಮುಚ್ಚಲಿಲ್ಲ. ಒಂದೊಂದು ಟೈರಿಗೆ ಮೂರು ಮೂರು ಕಡೆ ಸೂಜಿ ಇಳಿಸಿದ.

“ಹನ್ನೆರಡು ಕಡೆ ನೋಡಿದೆ ಯಜಮಾನ್ರೇ, ಹನ್ನೆರಡೂ ಕಾಲಿಂಚು. ಇಷ್ಟು ಸಮ ನನ್ನ ಹೊಲಿಗೆಯೂ ಬರಲ್ಲ!”

ಬ್ಲೇಡು ತಲೆ ಬಗ್ಗಿಸಿ ತನ್ನ ಬೆರಳುಗಳನ್ನು ನೋಡಿಕೊಂಡ. ಅಷ್ಟು ಸಮವಾಗಿ ಕೊರೆದ ಕೈ ಅವನದೇ.

ಅಪ್ಪ ಎದ್ದು ಮೇಜಿನ ಕಡೆ ತಿರುಗಿದ. “ಏನಮ್ಮಾ, ತಗೊಳ್ಳಲಾ?”

ಯಜಮಾನರೂ ಅವಳನ್ನೇ ನೋಡಿದರು. ನಗುತ್ತಲೇ ನೋಡಿದರು. ಅವಳು ಅರ್ಧ ತಲೆ ಆಡಿಸಿ, ಬಿಲ್ಲಿನ ಪುಸ್ತಕ ಎಳೆದುಕೊಂಡು, ಮುದ್ದಾದ ಅಕ್ಷರದಲ್ಲಿ ಬರೆದಳು: ‘ಹೊಸ ಗಾಡಿಯಿಂದ ಬಿಚ್ಚಿದ ಟೈರು — ನಾಲ್ಕು.’

ಅಂದು ಊಟಕ್ಕೆ ಕೂತಾಗ ಅಪ್ಪನ ಬಾಯಲ್ಲಿ ಬೇರೆ ಮಾತೇ ಇಲ್ಲ. ಅನ್ನ ಕಲಸುತ್ತಲೇ, “ಬೇರೆ ಕಡೆ ಕೇಳಿದರೆ ಇದರ ಎರಡರಷ್ಟು. ಇವಳ ಮುಖ ನೋಡಿ ಕೊಟ್ಟರು” ಎಂದ.

“ನಮ್ಮ ಗುಮ್ಮಿಗೆ ಮುಖ ಇದೆ ಅಂತ ಇವತ್ತು ಗೊತ್ತಾಯ್ತು ನೋಡು” ಎಂದಳು ಅಜ್ಜಿ.

ಅಮ್ಮ ಅವಳ ತಟ್ಟೆಗೆ ಕೇಳದೆ ಒಂದು ಮೊಟ್ಟೆ ಹಾಕಿದಳು. “ತಿನ್ನು. ಮಗಳ ಸಂಪಾದನೆಯ ಗಾಲಿ ಮೇಲೆ ನಾನೂ ಕೂತು ಓಡಾಡ್ತೀನಿ ಇನ್ನು ಮೇಲೆ.”

ಅವಳು ಆ ಮೊಟ್ಟೆಯನ್ನು ಅನ್ನದ ಅಡಿಗೆ ತಳ್ಳಿದಳು.

ಮೊದಲ ಎರಡು ವಾರ ಕಾರಿನ ಆರೈಕೆಯಲ್ಲೇ ಕಳೆದವು. ಬೆಳಿಗ್ಗೆ ಸ್ಟಾರ್ಟ್ ಆಗದೆ ಬೀದಿಯವರೆಲ್ಲ ಸೇರಿ ತಳ್ಳುವುದು ದಿನದ ಪದ್ಧತಿಯಾಯಿತು. ಎದುರು ಮನೆಯ ಬಡಗಿ ಹಲ್ಲುಜ್ಜುತ್ತಲೇ ಬಂದು ಒಂದು ಕೈಯಿಂದ ತಳ್ಳಿ, “ದರ್ಜಿಗಳೇ, ಇದಕ್ಕೆ ಹಗ್ಗ ಕಟ್ಟಿ ಎಳೆಯೋದು ಸುಲಭ” ಎನ್ನುತ್ತಿದ್ದ. ಬ್ಯಾಟರಿ ಬದಲಾಯಿತು. ರೇಡಿಯೇಟರಿನ ಪೈಪು ಒಡೆದು ದಾರಿಯಲ್ಲಿ ಹೊಗೆ ಎದ್ದಿತು. ಅಪ್ಪ ಪ್ರತಿ ಸಲ ಅಣ್ಣನನ್ನು ಬೈದ.

“ನೀನು ಒರಟಾಗಿ ಓಡಿಸ್ತೀಯ. ಗಾಡಿ ಅಂದ್ರೆ ಮಷೀನಿನ ಹಾಗೆ ಕಣೋ, ಕಾಲು ಹಗುರ ಇರಬೇಕು.”

“ಅಪ್ಪಾ, ನಿಮ್ಮ ಹೊಲಿಗೆ ಮಷೀನಿಗೆ ಬ್ರೇಕು, ಕ್ಲಚ್ಚು ಎಲ್ಲಿದೆ?”

“ಬಾಯಿ ಮಾತ್ರ ಇಂಜಿನ್ನಿಗಿಂತ ಜೋರು ನಿನಗೆ!”

ಆದರೂ ಅಂಗಿಗಳು ನೆನೆಯದೆ, ಕೆಸರಾಗದೆ ತಲುಪಿದವು. ಬಟ್ಟೆ ಅಂಗಡಿಯವರು ಖುಷಿಯಾಗಿ ಹೊಲಿಯಲು ಇನ್ನೂ ನೂರು ಅಂಗಿ ಹೆಚ್ಚು ಕೊಟ್ಟರು. ಒಂದೊಂದು ಸಲ ಎಣಿಸಿ ಕೊಡಲು ಅಮ್ಮನೂ ಜೊತೆಗೆ ಹೋಗತೊಡಗಿದಳು. ಗಂಟುಗಳ ಪಕ್ಕ ಕೂತು, ದಾರಿಯುದ್ದಕ್ಕೂ ಕಾಜಾ ಹೊಲಿಯುತ್ತಿದ್ದಳು. ಕಾಜಾ ಎಂದರೆ ಅಮ್ಮನ ಕೈಯದೇ ಆಗಬೇಕು ಎಂದು ಆ ಅಂಗಡಿಯವರು ಹೇಳಿ ಕಳಿಸುತ್ತಿದ್ದರು. ಮಷೀನಿನ ಕಾಜಾ ಅವರಿಗೆ ಹಿಡಿಸುತ್ತಿರಲಿಲ್ಲ.

ಅಮ್ಮ ಕಾರು ಹತ್ತಿದ ದಿನಗಳಲ್ಲೆಲ್ಲ ಅವಳು ಬಿಲ್ಲಿನಲ್ಲಿ ತಪ್ಪು ಬರೆದಳು.

ಒಂದು ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಅವಳು ಪೊರಕೆ ಹಿಡಿದು ಹೊರಗೆ ಬಂದು, ಕಾರಿನ ಅಡಿಗೆ ಬಗ್ಗಿ ನೋಡಿದಳು. ಮೂರು ಟೈರುಗಳಲ್ಲಿ ಅಂಕಿ ಇದ್ದ ಜಾಗ ನುಣ್ಣಗಿತ್ತು. ಎಡಗಡೆ ಹಿಂದಿನದರ ಒಳಮೈಯಲ್ಲಿ ಮಾತ್ರ, ಬ್ಲೇಡಿನ ಕಣ್ಣು ತಪ್ಪಿಸಿಕೊಂಡು, ನಾಲ್ಕು ಅಂಕಿ ಉಳಿದಿದ್ದವು. ಅವಳು ಎಣಿಸಿದಳು. ಹನ್ನೊಂದು ವರ್ಷ. ಪಕ್ಕದಲ್ಲಿ ಉಗುರಿನಷ್ಟು ಉದ್ದದ ಸೀಳುಗಳು, ಒಣಗಿದ ಹಿಮ್ಮಡಿಯ ಹಾಗೆ.

“ಏನೇ ಗುಮ್ಮೀ, ಗಾಡಿ ಕೆಳಗೆ ಗಂಡು ಹುಡುಕ್ತಿದ್ದೀಯಾ?” ಹೊಸ್ತಿಲಿಂದ ಅಜ್ಜಿಯ ದನಿ.

“ಕಸ, ಅಜ್ಜಿ.”

“ಕಸ ಎಲ್ಲರ ಕಣ್ಣಿಗೂ ಬೀಳುತ್ತೆ. ಅಷ್ಟು ಬಗ್ಗಬೇಕಾಗಿಲ್ಲ.”

ಅವಳು ಒಳಗೆ ಹೋಗಿ ಡೈರಿಯಲ್ಲಿ ಬರೆದಳು: ‘ಎಡಗಡೆ ಹಿಂದಿನದು. ಇವತ್ತು ಹೇಳುತ್ತೇನೆ.’ ಹೇಳಲಿಲ್ಲ. ಹೇಳಿದರೆ ಅಪ್ಪ ಅಂಗಡಿಗೆ ಹೋಗಿ ಕೂಗಾಡುತ್ತಾನೆ, ಕೆಲಸ ಹೋಗುತ್ತದೆ, ಮತ್ತೆ ಎರಡು ವರ್ಷ ಅದೇ ಮೂಲೆ. ಅದಕ್ಕಿಂತ ಹೆಚ್ಚಾಗಿ, ‘ಇವಳ ಮುಖ ನೋಡಿ ಕೊಟ್ಟರು’ ಎಂದಿದ್ದ ಅಪ್ಪನ ಮುಖವನ್ನು ಅವಳು ನೋಡಬೇಕಾಗುತ್ತದೆ. ಅಣ್ಣನಿಗೆ ಮಾತ್ರ ತಟ್ಟೆ ಕೊಡುವಾಗ, “ನಿಧಾನವಾಗಿ ಹೋಗಣ್ಣ” ಎಂದಳು.

“ಏನು, ಇಷ್ಟುದ್ದ ಮಾತು!” ಅಣ್ಣ ನಕ್ಕ. “ಐವತ್ತು ದಾಟಿದರೆ ಬಾಗಿಲು ಅಲ್ಲಾಡುತ್ತೆ ಪುಟ್ಟಿ. ಜೋರಾಗಿ ಹೋಗೋಣ ಅಂದ್ರೂ ಇದು ಬಿಡಲ್ಲ.”

ಕಡೆಗೆ ಅವಳೊಂದು ದಾರಿ ಹುಡುಕಿದಳು. ಬ್ಲೇಡು ಒಬ್ಬನೇ ಇದ್ದಾಗ ಶೆಡ್ಡಿಗೆ ಹೋಗಿ ನಿಂತಳು. ಅವನು ಕೈಯಲ್ಲಿದ್ದ ಬ್ಲೇಡಿನ ಕರೆಂಟು ಆರಿಸಿದ.

“ಗೊತ್ತು, ಮಗಳೇ” ಎಂದ ಅವಳು ಕೇಳುವ ಮೊದಲೇ. “ನಾನೂ ಊಟ ಮಾಡಿಲ್ಲ ಅವತ್ತು.”

“ಎಡಗಡೆ ಹಿಂದಿನದು… ಸಂಬಳ ಬಂದ ಕೂಡಲೇ… ಬಲಗೋಡೆಯದು ಒಂದು.”

“ಶನಿವಾರ ಸಂಬಳ. ಗಾಳಿ ಹೊಡೆಸೋ ನೆಪದಲ್ಲಿ ಅಣ್ಣನ್ನ ಕಳಿಸು. ಬದಲಾಯಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ. ಒಂದೊಂದು ತಿಂಗಳಿಗೆ ಒಂದೊಂದು. ನಾಲ್ಕು ತಿಂಗಳಲ್ಲಿ ನಿನ್ನ ಪಾಪ, ನನ್ನ ಪಾಪ ಎರಡೂ ಕಳೀತು.”

ಅಂದು ಸೋಮವಾರ. ಆ ವಾರ ಅವಳಿಗೆ ಊಟ ಸೇರಿತು.

ಗುರುವಾರ ಮಧ್ಯಾಹ್ನ, ಬಿಸಿಲು ಡಾಂಬರನ್ನು ಕರಗಿಸುವಂತಿದ್ದ ಹೊತ್ತಿನಲ್ಲಿ, ಅಂಗಡಿಗೆ ಫೋನು ಬಂತು. ಯಜಮಾನರು ಕೇಳಿಸಿಕೊಂಡು, ರಿಸೀವರು ಕೆಳಗಿಟ್ಟು, ಅವಳ ಕಡೆ ನೋಡದೆ ಹೇಳಿದರು: “ಮನೆಗೆ ಹೋಗಮ್ಮ. ನಿಮ್ಮ ಗಾಡಿ ಮಗುಚಿಕೊಂಡಿದೆಯಂತೆ.”

ಯಾವ ಟೈರು ಎಂದು ಅವಳು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ವಾಪಸು ಬರುವಾಗ, ಗಂಟುಗಳ ಭಾರ ಹೊತ್ತು, ತಿರುವಿಲ್ಲದ ನೆಟ್ಟಗಿನ ರಸ್ತೆಯಲ್ಲಿ ಎಡಗಡೆ ಹಿಂದಿನ ಟೈರು ಸಿಡಿದಿತ್ತು. ಕಾರು ಎಡಕ್ಕೆ ಎಳೆದು, ಮೈಲಿಗಲ್ಲಿಗೆ ಹೊಡೆದು, ಬಲಮಗ್ಗುಲಿಗೆ ಬಿದ್ದಿತ್ತು. ಅಣ್ಣನಿಗೆ ಹಣೆಯ ಮೇಲೊಂದು ಗಾಯ, ಅಷ್ಟೆ. ಅಮ್ಮ ಕಿಟಕಿಗೆ ಬಲಗೈ ಆನಿಸಿ ನಿದ್ದೆ ಹೋಗಿದ್ದಳು. ಆ ಕೈ ಬಾಗಿಲಿನ ಅಡಿಗೆ ಸಿಕ್ಕಿತು. ಆಸ್ಪತ್ರೆಯಲ್ಲಿ ತೋರುಬೆರಳು, ನಡುಬೆರಳು ಎರಡನ್ನೂ ತೆಗೆದರು. ಹೆಬ್ಬೆರಳು ಉಳಿಯಿತು, ಆದರೆ ಅದು ಯಾವುದಕ್ಕೆ ಎದುರಾಗಿ ಸೂಜಿ ಹಿಡಿಯಬೇಕು?

ಅಮ್ಮನನ್ನು ಮನೆಗೆ ಕರೆತಂದ ದಿನ ಅಪ್ಪ ಅಣ್ಣನನ್ನು ಕತ್ತರಿಸುವ ಮೇಜಿನ ಮುಂದೆ ನಿಲ್ಲಿಸಿದ.

“ಎಷ್ಟರಲ್ಲಿ ಹೋಗ್ತಿದ್ದೆ?”

“ಐವತ್ತು.”

“ನಿಜ ಹೇಳು.”

“ಐವತ್ತು ಅಪ್ಪಾ. ಅದಕ್ಕಿಂತ ಜೋರಾಗಿ ಅದು ಹೋಗೋದೇ ಇಲ್ಲ.”

“ಐವತ್ತರಲ್ಲಿ ಹೋದರೆ ಹೊಸ ಟೈರು ಯಾಕೋ ಒಡೆಯುತ್ತೆ? ನಾನೇ ಅಳೆದು ತಂದಿದ್ದೀನಿ. ಹನ್ನೆರಡು ಕಡೆ ಅಳೆದಿದ್ದೀನಿ! ಅಳತೆ ತಪ್ಪಿದ್ರೆ ನಲವತ್ತು ವರ್ಷ ಹೇಗೆ ಹೊಲೀತಿದ್ದೆ ನಾನು?”

“ನನಗೇನು ಗೊತ್ತು!”

“ಗೊತ್ತಿಲ್ಲ. ನಿನಗೆ ಯಾವತ್ತು ಏನು ಗೊತ್ತಿತ್ತು? ನಿಮ್ಮಮ್ಮನ್ನ ಕೇಳೋಣ ಅಂದ್ರೆ ಅವಳಿಗೆ ನಿದ್ದೆ.” ಅಪ್ಪ ನಡುಕೋಣೆಯ ಕಡೆ ಕೂಗಿದ. “ಏ, ಎಷ್ಟು ಜೋರಾಗಿ ಹೋಗ್ತಿದ್ದ ಇವನು?”

ಅಮ್ಮ ಕೈಯನ್ನು ದಿಂಬಿನ ಮೇಲಿಟ್ಟು ಮಲಗಿದ್ದಳು. “ನಿದ್ದೆ ಬಂದಿತ್ತು ಅಂದೆನಲ್ಲ” ಎಂದಳು ಸಣ್ಣ ದನಿಯಲ್ಲಿ. “ಬಿಟ್ಟುಬಿಡಿ ಅವನನ್ನ.”

ಮಗಳು ಒಲೆಯ ಮುಂದೆ ಬೇಳೆ ಕಲಕುತ್ತಿದ್ದಳು. ಬೇಳೆ ತಳ ಹಿಡಿಯಿತು.

ಮುಂದಿನ ವಾರಗಳಲ್ಲಿ ಮನೆಯ ಕೆಲಸಗಳೆಲ್ಲ ಕೈ ಬದಲಾಯಿಸಿದವು. ಅಡುಗೆ ಅವಳಿಗೆ ಬಂತು. ಅಜ್ಜಿ ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಗುಂಡಿ ಹಚ್ಚಲು ಕೂತಳು. ಗುಂಡಿಗಳು ಒಂದು ಮೇಲೆ, ಒಂದು ಕೆಳಗೆ. ಅಪ್ಪ ತಾನೇ ಕಾಜಾ ಹೊಲಿದ. ಬಟ್ಟೆ ಅಂಗಡಿಯವರು ಅರವತ್ತು ಅಂಗಿ ವಾಪಸು ಕಳಿಸಿ, ಮುಂದಿನ ಸಲದಿಂದ ಅರ್ಧ ಬಟ್ಟೆ ಮಾತ್ರ ಕೊಟ್ಟರು. ಅಮ್ಮ ಒಂದು ದಿನ ಎಡಗೈಯಲ್ಲಿ ಸೂಜಿ ಹಿಡಿದು, ಹಲ್ಲಲ್ಲಿ ಬಟ್ಟೆ ಕಚ್ಚಿ ಎಳೆದು ನೋಡಿದಳು. ಒಂದೇ ಕಾಜಾ. ಮುಗಿಸಲು ಮಧ್ಯಾಹ್ನ ಹಿಡಿಯಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಿಚ್ಚಿ ಹಾಕಿದಳು.

ಅಪ್ಪ ಅಣ್ಣನ ಜೊತೆ ಮಾತು ಬಿಟ್ಟ. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದ. “ಗಂಟು ಬಸ್ಸಿಗೆ ಹಾಕೋರು ಹಾಕಿ ಬರಲಿ.” “ಇಸ್ತ್ರಿ ಮಾಡೋ ಕೈ ಇದ್ರೆ ಮಾಡಲಿ, ಮುರಿಯೋ ಕೈಯಾದ್ರೆ ಬೇಡ.” ಅಣ್ಣ ಊಟದ ತಟ್ಟೆ ಎತ್ತಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರತೊಡಗಿದ. ಅಲ್ಲೇ ಪಕ್ಕದಲ್ಲಿ ಸಿಡಿದ ಟೈರು ಗೋಡೆಗೊರಗಿ ನಿಂತಿತ್ತು. ಕಾರನ್ನು ಗುಜರಿಗೆಂದು ತೂಕಕ್ಕೆ ಕೊಂಡವನು ಅದನ್ನು ಬೇಡವೆಂದು ಬಿಟ್ಟುಹೋಗಿದ್ದ.

“ಪುಟ್ಟಿ,” ಎಂದ ಅಣ್ಣ ಒಂದು ಸಂಜೆ, ಅವಳು ನೀರು ತಂದು ಕೊಟ್ಟಾಗ, “ಮುಳ್ಳು ಐವತ್ತರಲ್ಲೇ ಇತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಆದರೆ ದಿನಾ ಕೇಳಿ ಕೇಳಿ, ಎಪ್ಪತ್ತಿತ್ತೇನೋ ಅನ್ಸೋಕೆ ಶುರುವಾಗಿದೆ. ಮನುಷ್ಯನಿಗೆ ಹಾಗೂ ಆಗುತ್ತಾ?”

ಅವಳು ಲೋಟ ತೆಗೆದುಕೊಂಡು ಒಳಗೆ ಬಂದಳು. ಆ ದಿನದ ಹಾಳೆಯಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಇವತ್ತು ತಲೆಯನ್ನೂ ಆಡಿಸಲಿಲ್ಲ.’

ಯಜಮಾನರು ಹಣ್ಣಿನ ಚೀಲ ಹಿಡಿದು ಮನೆಗೆ ಬಂದರು. ಅಮ್ಮನನ್ನು ಮಾತಾಡಿಸಿ, ಅಪ್ಪನ ಹೆಗಲ ಮೇಲೆ ಕೈಯಿಟ್ಟು, “ಏನು ಮಾಡೋದು, ಎಂಥ ಟೈರಾದರೂ ಜೋರಿಗೆ ನಿಲ್ಲಲ್ಲ. ಈಗಿನ ಹುಡುಗರು” ಎಂದರು. ಅಪ್ಪ ತಲೆದೂಗಿದ. ಅಣ್ಣ ಮೆಟ್ಟಿಲ ಮೇಲಿಂದ ಎದ್ದು ಹೋದ. ಹೊರಡುವಾಗ ಅವರು ಅವಳನ್ನು ಬಾಗಿಲ ಬಳಿ ಕರೆದರು.

“ಆ ಒಡೆದ ಟೈರು ಇಲ್ಲಿ ಯಾಕೆ, ನಾಳೆ ಬರುವಾಗ ಅಂಗಡಿಗೆ ತಂದುಬಿಡು. ಕಂಪನಿಗೆ ಬರೆದು ನೋಡೋಣ, ಏನಾದರೂ ಬಂದರೆ ನಿಮ್ಮಪ್ಪನಿಗೇ.” ದನಿ ಇನ್ನೂ ತಗ್ಗಿತು. “ನೋಡಮ್ಮ, ಅವರು ಕೊಟ್ಟ ದುಡ್ಡಿಗೆ ಬೇರೆ ಏನು ಬರ್ತಿತ್ತು ನೀನೇ ಹೇಳು? ಊರೊಳಗೆ ಓಡಿಸ್ತಾರೆ ಅಂದ್ಕೊಂಡೆ. ಬಿಲ್ಲು ನಿನ್ನ ಕೈಯಕ್ಷರ. ಮುಂದಿನ ತಿಂಗಳಿಂದ ಸಂಬಳ ಸ್ವಲ್ಪ ನೋಡ್ತೀನಿ.”

ಮಾರನೆಯ ದಿನ ಅವಳು ಟೈರು ಒಯ್ಯಲಿಲ್ಲ. “ಮರೆತೆ” ಎಂದಳು. ಅದರ ಮಾರನೆಯ ದಿನವೂ ಮರೆತಳು. ಬ್ಲೇಡು ಕೆಲಸ ಬಿಟ್ಟು ಹೋಗಿದ್ದ. ಶೆಡ್ಡಿನಲ್ಲಿ ಬೇರೊಬ್ಬ ಕೂತಿದ್ದ. ಅವನ ಗೀರುಗಳು ಅಷ್ಟು ಸಮವಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಮನೆಯಲ್ಲಿದ್ದರು. ಅವಳು ಅನ್ನದ ಪಾತ್ರೆ ತಂದಿಟ್ಟಳು. ಅಮ್ಮ ಎಡಗೈಯಲ್ಲಿ ಚಮಚ ಹಿಡಿದಿದ್ದಳು. ಅಜ್ಜಿ, “ಆ ಹುಡುಗನ್ನೂ ಒಳಗೆ ಕರೀರೋ, ಎಷ್ಟು ದಿನ ಅಂತ ಬೀದಿನಾಯಿ ಹಾಗೆ ಹೊರಗೆ ತಿಂತಾನೆ?” ಎಂದಳು.

“ಒಳಗೆ ಬರೋರು ನಿಜ ಹೇಳಿ ಬರಲಿ” ಎಂದ ಅಪ್ಪ ಗೋಡೆಗೆ. “ತಪ್ಪು ಮಾಡಿದ್ದಕ್ಕಲ್ಲ ನನ್ನ ಸಿಟ್ಟು. ಅವಳ ಕೈ ಹೋಯ್ತು, ಇನ್ನೂ ಐವತ್ತು ಐವತ್ತು ಅಂತಾನಲ್ಲ, ಅದಕ್ಕೆ.”

ಅಣ್ಣ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಬಟ್ಟೆಯ ಚೀಲ. ಲಾರಿ ಕ್ಲೀನರ್ ಕೆಲಸ ಸಿಕ್ಕಿದೆ, ದೂರದ ಊರು ಎಂದು ಬೆಳಿಗ್ಗೆಯೇ ಅಮ್ಮನಿಗೆ ಹೇಳಿದ್ದನಂತೆ. ಹಣೆಯ ಗಾಯ ಒಣಗಿ ಕಪ್ಪಗಾಗಿತ್ತು.

“ಎಂಬತ್ತು” ಎಂದ.

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು.

“ಎಂಬತ್ತರಲ್ಲಿ ಹೋಗ್ತಿದ್ದೆ. ಸಾಕಾ? ನಾನೇ ಅಮ್ಮನ ಕೈ ತೆಗೆದೆ. ಬರ್ಕೊಳ್ಳಿ ಬೇಕಾದ್ರೆ. ಈಗಲಾದರೂ ಗೋಡೆ ಬಿಟ್ಟು ನನ್ನ ಮುಖ ನೋಡಿ ಮಾತಾಡಿ ಅಪ್ಪಾ, ಒಂದು ಸಲ. ಹೊರಡ್ತಿದ್ದೀನಿ.”

ಅಪ್ಪ ಅವನ ಮುಖ ನೋಡಿದ. ಇಷ್ಟು ವಾರ ಬೇಕೆಂದಿದ್ದ ಉತ್ತರ ಸಿಕ್ಕಿತ್ತು. ಸಿಕ್ಕ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಅವನ ಬಾಯಿ ಅಲ್ಲಾಡಿತು. ಅಮ್ಮ ಚಮಚ ಕೆಳಗಿಟ್ಟಳು. “ಹಾಗಾದ್ರೆ ಹೋಗು” ಎಂದ ಅಪ್ಪ ಕಡೆಗೆ, ಒಡೆದ ದನಿಯಲ್ಲಿ. “ಹೋಗು.”

ಅಣ್ಣ ಚಪ್ಪಲಿಗೆ ಕಾಲು ತೂರಿಸಲು ಬಗ್ಗಿದ.

ಅವಳು ಅನ್ನದ ಸೌಟು ಪಾತ್ರೆಯಲ್ಲಿ ಬಿಟ್ಟು, ಅವನನ್ನು ದಾಟಿ ಹೊರಗೆ ಹೋದಳು. ಟೈರು ಅವಳು ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಎಳೆದು, ಹೊಸ್ತಿಲು ದಾಟಿಸಿ, ಊಟದ ತಟ್ಟೆಗಳ ನಡುವೆ ತಂದು ಕೆಡವಿದಳು. ಅಜ್ಜಿ ತಟ್ಟೆ ಹಿಂದಕ್ಕೆಳೆದುಕೊಂಡು, “ಅಯ್ಯೋ, ಇವಳಿಗೇನು ಬಂತು!” ಎಂದಳು. ಅವಳು ಅಪ್ಪನ ಕಾಲರಿಗೆ ಕೈ ಹಾಕಿ ಸೂಜಿ ತೆಗೆದುಕೊಂಡಳು. ಯಾರೂ ತಡೆಯಲಿಲ್ಲ, ಅವಳು ಯಾರ ಮೈಯನ್ನೂ ಹೀಗೆ ಮುಟ್ಟಿದ್ದನ್ನು ಆ ಮನೆ ನೋಡಿರಲಿಲ್ಲ.

ಸೂಜಿಯನ್ನು ಗೀರಿಗೆ ಇಳಿಸಿದಳು. ಕಾಲಿಂಚು. ಇನ್ನೊಂದು ಸ್ವಲ್ಪ ಒತ್ತಿದಳು. ಆ ಕಾಲಿಂಚಿನ ಕೆಳಗೆ ರಬ್ಬರೇ ಇರಲಿಲ್ಲ. ಸೂಜಿ ಕಿರ್ ಎಂದು ತಂತಿಗೆ ತಾಗಿತು. ಸಿಡಿದ ಅಂಚಿನಲ್ಲಿ ಆ ತಂತಿಗಳು ಹರಿದ ಅಂಗಿಯ ದಾರದ ಹಾಗೆ ಹೊರಚಾಚಿ, ತುಕ್ಕು ಹಿಡಿದಿದ್ದವು. ಅಪ್ಪ ಬಗ್ಗಿ ನೋಡಿದ. ಬೆರಳಿಟ್ಟು ನೋಡಿದ. ನಲವತ್ತು ವರ್ಷ ಬಟ್ಟೆ ಮುಟ್ಟಿದ ಬೆರಳು. ಕೊರೆದ ಅಂಚು ಯಾವುದು, ಅಚ್ಚಿನಿಂದ ಬಂದ ಅಂಚು ಯಾವುದು ಎಂದು ಅದಕ್ಕೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಇದು ಬೋಳು ಟೈರು” ಎಂದ ನಿಧಾನವಾಗಿ. “ಕೊರೆದಿದ್ದಾರೆ.” ತಲೆಯೆತ್ತಿ ಬಾಗಿಲ ಕಡೆ, ಚೀಲ ಹಿಡಿದು ನಿಂತಿದ್ದ ಮಗನ ಕಡೆ ನೋಡಿದ. ಆಮೇಲೆ ಮಗಳ ಕಡೆ. “ಆ ಕಳ್ಳ ನನ್ನ ಮಗಳ ಎದುರಿಗೇ ನನಗೆ ಟೋಪಿ ಹಾಕಿದ್ನಲ್ಲಮ್ಮಾ! ನಿನಗೂ ಮೋಸ ಮಾಡಿದ್ನಲ್ಲ!”

ಇಲ್ಲಿಗೇ ನಿಲ್ಲಿಸಬಹುದಿತ್ತು. ಅಪ್ಪನೇ ದಾರಿ ಮಾಡಿಕೊಟ್ಟಿದ್ದ. ಈಗಲೂ ಅರ್ಧ ತಲೆ ಆಡಿಸಿದರೆ ಸಾಕಿತ್ತು. ಅಣ್ಣ ಒಳಗೆ ಬಂದು ಊಟಕ್ಕೆ ಕೂರುತ್ತಿದ್ದ, ಅಜ್ಜಿ ಯಜಮಾನರಿಗೆ ಶಾಪ ಹಾಕುತ್ತಿದ್ದಳು, ಎಲ್ಲರೂ ಅವಳನ್ನು ಪಾಪ ಎನ್ನುತ್ತಿದ್ದರು. ಅವಳು ಅಮ್ಮನ ಕೈ ನೋಡಿದಳು. ಬಿಳಿ ಬಟ್ಟೆ ಸುತ್ತಿದ ಆ ಕೈ ತಟ್ಟೆಯ ಪಕ್ಕದಲ್ಲಿ, ಬೇರೆ ಯಾರದೋ ವಸ್ತುವಿನ ಹಾಗೆ, ಸುಮ್ಮನೆ ಬಿದ್ದಿತ್ತು.

ಗಂಟಲು ಕಟ್ಟಿತು. ಕಟ್ಟಿದ ಗಂಟಲಿನಿಂದಲೇ ಮಾತು ಹೊರಗೆ ಬಂತು, ಅವಳೇ ಬೆಚ್ಚುವಷ್ಟು ಜೋರಾಗಿ.

“ಅವತ್ತು ‘ತಗೊಳ್ಳಲಾ’ ಅಂತ ಕೇಳಿದಿರಲ್ಲ ಅಪ್ಪಾ, ನಾನು ತಲೆ ಆಡಿಸಿದೆನಲ್ಲ — ಆವಾಗಲೇ ಗೊತ್ತಿತ್ತು ನನಗೆ.”